ನಲವತ್ತೇಳನೇ ಫಾರಂ

ಮೈಸೂರು
೧೪ ಡಿಸೆಂಬರ್ ೨೦೨೫

ಪ್ರೀತಿಯ ಪುಷ್ಪಾ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ನೀನು ಇದನ್ನು ಒಡೆದಿದ್ದರೆ, ಕೊನೆಯವರೆಗೂ ಓದುತ್ತೀಯ ಎಂದು ನಂಬಿ ಬರೆಯುತ್ತಿದ್ದೇನೆ. ನಿನ್ನಿಂದ ಕಾಗದ ಬಂದು ಹದಿನೇಳು ವರ್ಷವಾಯಿತು. ನಿನ್ನ ಮೈದುನ ಮಲ್ಲೇಶ್ ಮೇಷ್ಟ್ರು ನಿನ್ನ ಫೋನ್ ನಂಬರು ಕೊಟ್ಟರು. ಆದರೆ ಫೋನಿನಲ್ಲಿ ನಾನು ಮಾತು ತಿರುಗಿಸಿಬಿಡುತ್ತೇನೆ. ಕಾಗದದಲ್ಲಿ ಅದು ಅಷ್ಟು ಸುಲಭವಲ್ಲ.

ಆಗಸ್ಟಿನಲ್ಲಿ ನಿವೃತ್ತಳಾದೆ. ದೆಹಲಿಯ ಮನೆ ಖಾಲಿ ಮಾಡಿ ಮೈಸೂರಿಗೆ ಬಂದಿದ್ದೇನೆ. ನನ್ನ ಪುಸ್ತಕವನ್ನು ಕನ್ನಡದಲ್ಲಿ ತರಬೇಕೆಂದು ಇಲ್ಲಿನ ಪ್ರಕಾಶಕರೊಬ್ಬರು ಕೇಳಿದರು. ಬೇರೆಯವರ ಕೈಗೆ ಕೊಡುವುದು ಬೇಡವೆಂದು ನಾನೇ ಅನುವಾದಕ್ಕೆ ಕೂತೆ. ಮೂರು ಅಧ್ಯಾಯ ಒಂದೂವರೆ ತಿಂಗಳಿನಲ್ಲಿ ಮುಗಿದವು. ನಾಲ್ಕನೆಯದರಲ್ಲಿ ಒಂದು ವಾಕ್ಯಕ್ಕೆ ಬಂದು ನಿಂತವಳು ಇನ್ನೂ ಅಲ್ಲೇ ಇದ್ದೇನೆ. ಆ ವಾಕ್ಯ ಏನೆಂದು ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಹೇಳಬೇಕು, ಯಾಕೆಂದರೆ ಅದನ್ನು ನೆನೆಯುವುದರಲ್ಲಿ ನನಗೆ ಸುಖವಿದೆ.

೨೦೦೪ರ ಮಾರ್ಚಿನಲ್ಲಿ ನಾನು ಪಿರಿಯಾಪಟ್ಟಣಕ್ಕೆ ಬಂದಾಗ ನನಗೆ ಮೂವತ್ತೊಂಬತ್ತು. ಹತ್ತು ವರ್ಷ ಪಾಠ ಹೇಳಿಯೂ ಡಾಕ್ಟರೇಟು ಮುಗಿಸದ ಅಧ್ಯಾಪಕಿ. ನನ್ನ ವಿಷಯ ಜನಪ್ರಿಯತಾವಾದ. ‘ಜನ ಅಂದರೆ ನಾನೇ, ನನ್ನನ್ನು ಒಪ್ಪದವರು ಜನರೇ ಅಲ್ಲ’ ಎಂದು ಹೇಳುವ ನಾಯಕರು ಹೇಗೆ ಹುಟ್ಟುತ್ತಾರೆ ಎಂಬುದು. ನನ್ನ ಮಾರ್ಗದರ್ಶಕರು ನಾನು ಬರೆದದ್ದೆಲ್ಲ ಓದಿ, ಇದರಲ್ಲಿ ನಾಯಕರಿದ್ದಾರೆ, ಜನ ಒಬ್ಬರೂ ಇಲ್ಲ ಎಂದಿದ್ದರು. ಜನರನ್ನು ಹುಡುಕಿಕೊಂಡು ಊರಿಗೆ ಬಂದೆ. ಆ ಸಲದ ವಿಧಾನಸಭೆ ಚುನಾವಣೆಗೆ ನಮ್ಮ ಕಡೆ ನಂಜಯ್ಯ ಪಕ್ಷೇತರನಾಗಿ ನಿಂತಿದ್ದ. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಸೊಪ್ಪಿನ ಮೂಟೆ, ಅಂದರೆ ಬೇಲು, ಹೊರುತ್ತಿದ್ದವನು. ಮನೆಮನೆಯ ಜಗಲಿಯ ಮೇಲೆ ಕೂರುತ್ತಾನೆಂದು ಜನ ಜಗಲಿ ನಂಜಯ್ಯ ಎನ್ನುತ್ತಿದ್ದರು. ನನಗೆ ಬೇಕಾದವನು ನನ್ನ ಊರಿನಲ್ಲೇ ಸಿಕ್ಕಿದ್ದ. ನೀನೂ ಅಲ್ಲೇ ಸಿಕ್ಕೆ. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಇಪ್ಪತ್ತು ವರ್ಷದ ಮೇಲೆ ಒಂದೇ ಟಿವಿಎಸ್ ಮೊಪೆಡ್ ಹತ್ತಿದೆವು.

ಐದು ವಾರ. ಭೇರ್ಯದಿಂದ ಅಂತರಸಂತೆಯವರೆಗೆ ನಮ್ಮ ಕಡೆಯ ನಾಲ್ಕು ತಾಲ್ಲೂಕು ಸುತ್ತಿದೆವು. ಅಂತರಸಂತೆಯ ಸಂತೆಯ ದಿನ ಚಿಕ್ಕಬೀರಮ್ಮ ಎಂಬ ಮುದುಕಿ ಮೆಣಸಿನಕಾಯಿ ಗುಡ್ಡೆ ಮಾಡಿಕೊಂಡು ಕೂತಿದ್ದಳಲ್ಲ, ಅವಳು ಈಗಲೂ ಕಣ್ಣ ಮುಂದೆ ಇದ್ದಾಳೆ. ಸರ್ಕಾರದ ಮೇಲಿನ ನಂಬಿಕೆಗೆ ಐದಕ್ಕೆ ಎಷ್ಟು ಕೊಡುತ್ತೀರಿ ಎಂದು ನಾನು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಂಬ್ಕೆನ ಸೇರಲ್ಲಿ ಅಳೀತಾರೇನವ್ವ? ನಿನ್ ಗಂಡನ್ ಮ್ಯಾಲೆ ಎಷ್ಟೈತೆ ಮೊದ್ಲು ಯೋಳು, ಆಮ್ಯಾಕೆ ನಾನ್ ಯೋಳ್ತೀನಿ’ ಎಂದಳು. ನೀನು ಹಿಂದೆ ನಿಂತು, ‘ಅಜ್ಜಿ, ಇವಳಿಗೆ ಗಂಡನೇ ಇಲ್ಲ’ ಎಂದೆ. ‘ಅಂಗಾದ್ರೆ ಸೊನ್ನೆ ಬರ್ಕೊ’ ಎಂದಳು. ನಾನು ಸೊನ್ನೆ ಬರೆದುಕೊಂಡೆ. ನನ್ನ ಲೆಕ್ಕಾಚಾರದಲ್ಲಿ ಆ ಸೊನ್ನೆ ಈಗಲೂ ಇದೆ.

ನಾನು ಕೇಳಿದರೆ ಹೆಂಗಸರು ಗಂಡಸರ ಮುಖ ನೋಡುತ್ತಿದ್ದರು. ಫಾರಂ ತೆಗೆದರಂತೂ ರೇಷನ್ ಕಾರ್ಡಿನವರೆಂದು ತಿಳಿದು ಮಕ್ಕಳ ಹೆಸರು ಬರೆಸಲು ಸಾಲು ನಿಲ್ಲುತ್ತಿದ್ದರು. ದಾರಿ ಕಂಡುಹಿಡಿದವಳು ನೀನು. ‘ಕಾಗದ ನಿನ್ನ ಚೀಲದಲ್ಲೇ ಇರಲಿ ಕಣೆ’ ಎಂದೆ. ಹೊಗೆಸೊಪ್ಪಿನ ಸಸಿಮಡಿಯಲ್ಲಿ ಹೆಂಗಸರು ಕಳೆ ತೆಗೆಯುವಾಗ ನೀನೂ ಕುಕ್ಕರುಗಾಲಿನಲ್ಲಿ ಕೂತು ಕಳೆ ಕೀಳುತ್ತಾ ಮಾತಾಡುತ್ತಿದ್ದೆ. ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಂಡು ಸಂಜೆ ಮನೆಯಲ್ಲಿ ಕೂತು ನೀನೇ ಫಾರಂ ತುಂಬುತ್ತಿದ್ದೆ. ದುಂಡಗಿನ ಅಕ್ಷರ, ಅವರು ಆಡಿದ ಹಾಗೇ. ನಂಜಯ್ಯನ ಕ್ಷೇತ್ರದಲ್ಲಿ ನೀನು ತುಂಬಿದ ಅರವತ್ತು ಫಾರಂಗಳ ಮೇಲೆಯೇ ನನ್ನ ನಾಲ್ಕನೇ ಅಧ್ಯಾಯ ನಿಂತಿದೆ. ಆ ಅಧ್ಯಾಯದ ಮೇಲೆ ಪುಸ್ತಕ, ಪುಸ್ತಕದ ಮೇಲೆ ನನ್ನ ಕೆಲಸ.

ಅದರಲ್ಲೂ ನಲವತ್ತೇಳನೇ ಫಾರಂ. ಹಾರನಹಳ್ಳಿ, ಪುಟ್ಟಸಿದ್ದಮ್ಮ, ಓದಿಲ್ಲ, ಕೂಲಿ ಕೆಲಸ. ‘ನಂಜಯ್ಯನ ಬಗ್ಗೆ ನಿಮ್ಮ ಅಭಿಪ್ರಾಯ’ ಎಂಬ ಪ್ರಶ್ನೆಯ ಕೆಳಗೆ ಹೀಗಿದೆ: ‘ಅವರು ಏನು ಕೊಟ್ಟರು ಅಂತ ಕೇಳಬೇಡಿ. ಏನೂ ಕೊಟ್ಟಿಲ್ಲ. ನಾನು ಕಾಫಿ ಕೊಡೋಕೆ ಬಂದಾಗ ನನ್ನ ನೋಡಿ, ನೀನೇನಂತೀಯವ್ವ ಅಂತ ಕೇಳಿದರು. ಈ ಮನೆಗೆ ಬಂದು ಹದಿನೆಂಟು ವರ್ಷ. ನನ್ನನ್ನ ಯಾರೂ ಹಂಗೆ ಕೇಳಿರಲಿಲ್ಲ.’

ಈ ಮಾತು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು ಪುಷ್ಪಾ. ೨೦೦೮ರಲ್ಲಿ ಪುಸ್ತಕ ಬಂದಾಗ ವಿಮರ್ಶೆ ಬರೆದವರೆಲ್ಲ ಇದನ್ನೇ ಎತ್ತಿ ಹೇಳಿದರು. ಆಮೇಲೆ ಕೆಲವು ವರ್ಷಗಳಲ್ಲಿ ದೇಶದೇಶದಲ್ಲೂ ಇಂಥ ನಾಯಕರು ಗೆದ್ದರು. ನನ್ನ ವಿಷಯ ಎಲ್ಲರ ವಿಷಯವಾಯಿತು. ಕರೆದ ಕಡೆಗೆಲ್ಲ ಹೋದೆ. ಹಿಮ ಬೀಳುವ ಊರುಗಳ ಸಭಾಂಗಣಗಳಲ್ಲಿ ಪರದೆಯ ಮೇಲೆ ಆ ಮಾತು ಇಂಗ್ಲಿಷಿನಲ್ಲಿ ಮೂಡುತ್ತಿತ್ತು. ಕೆಳಗೆ ‘ಪುಟ್ಟಸಿದ್ದಮ್ಮ, ಕೂಲಿ ಕೆಲಸ’. ಸಭೆಯವರು ಅದನ್ನು ಬರೆದುಕೊಳ್ಳುತ್ತಿದ್ದರು. ಕಾಫಿಯ ಮಾತು ಉದ್ದವಾಯಿತೆಂದು ನಾನು ಅದನ್ನು ಕತ್ತರಿಸಿ ಮೂರು ಚುಕ್ಕಿ ಇಟ್ಟಿದ್ದೆ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು. ೨೦೧೧ರಲ್ಲಿ ಪುಸ್ತಕದ ಎರಡನೇ ಮುದ್ರಣಕ್ಕೆಂದು ನಾನು ನಿಮ್ಮ ಹಾರನಹಳ್ಳಿಗೆ ಬಂದಿದ್ದೆ. ನೀನು ಅತ್ತೆಯ ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಹೋಗಿದ್ದೀಯ ಎಂದರು. ನಾನೊಬ್ಬಳೇ ಪುಟ್ಟಸಿದ್ದಮ್ಮನ ಮನೆಗೆ ಹೋಗಿ ಅವಳ ಮಾತನ್ನು ಅವಳಿಗೇ ಓದಿ ಹೇಳಿದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ‘ನಾನಾ? ಅಂಗಂದ್ನಾ? ಆ ವರ್ಸ ನಾನು ಸಿದ್ದಾಪುರದ್ ತಾವು ತ್ವಾಟದಲ್ಲಿ ಮೆಣಸ್ ಬುಡುಸ್ತಿದ್ದೆ ಕಣವ್ವ. ಆ ನಂಜಯ್ಯನ್ ಮಕಾನೇ ನೋಡಿಲ್ಲ.’ ಹಾಗೆಂದವಳೇ ನಕ್ಕು, ‘ಆದ್ರೂ ಚೆಂದಾಗಿ ಮಾತಾಡಿವ್ನಿ ಬುಡು’ ಎಂದಳು.

ನೀನು ಬರುವವರೆಗೆ ಕಾಯದೆ ಬಸ್ಸು ಹತ್ತಿದೆ.

ದೆಹಲಿಗೆ ಹೋಗಿ ಮೂಲ ಫಾರಂ ತೆಗೆದು ನೋಡಿದೆ. ಕಾಫಿಯ ಸಾಲು ಅಲ್ಲಿತ್ತು. ಆಮೇಲೆ ನನ್ನ ಟಿಪ್ಪಣಿ ಪುಸ್ತಕ ತೆಗೆದೆ. ಏಪ್ರಿಲ್ ಎರಡರ ಸಂಜೆ ನಂಜಯ್ಯ ನಿಮ್ಮ ಮನೆಯ ಜಗಲಿಗೆ ಬಂದಿದ್ದ. ನಿನ್ನ ಯಜಮಾನರು ಶಿವಶಂಕರ್ ಅವನ ಎದುರು ಕೂತಿದ್ದರು. ನಾನು ಬರೆದುಕೊಂಡದ್ದು ಇಷ್ಟು: ‘ಸಂಜೆ ೫.೪೦. ಕಾಫಿ ಬಂತು. ಜೀಪು ಎರಡು, ಬೈಕು ಹದಿನಾಲ್ಕು.’ ಅವನು ನಿನ್ನನ್ನು ಆ ಪ್ರಶ್ನೆ ಕೇಳಿದಾಗ ನಾನು ಲೋಟ ಹಿಡಿದುಕೊಂಡು ಬೀದಿಯಲ್ಲಿ ಬೈಕು ಎಣಿಸುತ್ತಿದ್ದೆ.

ಏನು ನಡೆಯಿತೆಂದು ಕೂಡಿಸಿಕೊಳ್ಳಲು ಕಷ್ಟವಾಗಲಿಲ್ಲ. ಮತದಾರರ ಪಟ್ಟಿಯಲ್ಲಿ ಪ್ರತಿ ಹದಿನೈದನೇ ಹೆಸರು ಆರಿಸುವುದು ನಮ್ಮ ಕ್ರಮ. ಹಾರನಹಳ್ಳಿಯಲ್ಲಿ ಆ ಹೆಸರು ನಿನ್ನದೇ ಬಂತು. ಕೇಳುವವರೇ ಉತ್ತರ ಕೊಡುವಂತಿಲ್ಲ, ಮುಂದಿನ ಹೆಸರು ತಗೋ ಎಂದು ನಾನು ಹೇಳಿದೆ. ಮುಂದಿನದು ಪುಟ್ಟಸಿದ್ದಮ್ಮ, ಅವಳ ಮನೆಗೆ ಬೀಗ. ಅದಕ್ಕೆ ಹಿಂದಿನ ದಿನವೇ ನಾನು, ಇನ್ನೊಂದು ಬೀಗದ ಮನೆ ಬಂದರೆ ಈ ಅಧ್ಯಾಯವೇ ಬಿದ್ದುಹೋಗುತ್ತದೆ ಎಂದು ನಿನ್ನ ಮೇಲೆ ರೇಗಿದ್ದೆ. ನಿನ್ನ ಮಾತನ್ನೇ ಅವಳ ಹೆಸರಿನಲ್ಲಿ ಬರೆದು, ನೀನು ನನ್ನ ಅಧ್ಯಾಯ ಬೀಳದ ಹಾಗೆ ನೋಡಿಕೊಂಡೆ.

ಇದನ್ನು ತಿಳಿದು ಹದಿನಾಲ್ಕು ವರ್ಷವಾಯಿತು. ಎರಡನೇ ಮುದ್ರಣದಲ್ಲಿ ತಿದ್ದಲಿಲ್ಲ. ಪರದೆಯ ಮೇಲಿಂದ ಪುಟ್ಟಸಿದ್ದಮ್ಮನ ಹೆಸರು ತೆಗೆಯಲಿಲ್ಲ. ವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧದಲ್ಲಿ ಎರಡು ಫಾರಂ ತಾನೇ ತುಂಬಿದ್ದನ್ನು ನಾನು ಹಿಡಿದು, ಒಂದು ವರ್ಷ ಅವನಿಗೆ ಪದವಿ ತಡೆದೆ. ಆಗಲೂ ನನ್ನ ಫಾರಂ ಬಗ್ಗೆ ಬಾಯಿ ಬಿಡಲಿಲ್ಲ.

ಈಗ ಆ ವಾಕ್ಯ. ನಾಲ್ಕನೇ ಅಧ್ಯಾಯದ ಕೊನೆಯಲ್ಲಿ, ನಂಜಯ್ಯನನ್ನು ಮೆಚ್ಚಿದ ಹೆಂಗಸರ ಬಗ್ಗೆ ನಾನು ಬರೆದಿರುವುದು: ‘ತಮ್ಮತ್ತ ಯಾರೋ ನೋಡಿದ್ದನ್ನೇ ತಮ್ಮ ಪರವಾಗಿ ನಿಲ್ಲುವುದೆಂದು ಇವರು ತಪ್ಪು ತಿಳಿದರು. ಮರುಳಾದವರು ತಾವು ಮರುಳಾಗಿದ್ದೇವೆಂದು ಅರಿಯರು.’ ಇಂಗ್ಲಿಷಿನಲ್ಲಿ ಅದು ಬರೀ ವಾಕ್ಯವಾಗಿತ್ತು. ಕನ್ನಡದಲ್ಲಿ ಬರೆದ ಮೇಲೆ ನಿನ್ನ ಎದುರು ನಿಂತು ಹೇಳಿದ ಹಾಗಾಯಿತು. ೨೦೦೮ರಲ್ಲಿ ನಾನು ಕಳಿಸಿದ ಪ್ರತಿಯನ್ನು ಮಲ್ಲೇಶ್ ನಿನಗೆ ಓದಿ ಅರ್ಥ ಹೇಳಿದರಂತೆ. ಈ ಸಾಲನ್ನೂ ಹೇಳಿದರಂತೆ. ಆ ದೀಪಾವಳಿಯಿಂದ ನಿನ್ನ ಕಾಗದ ನಿಂತಿತು. ನಿನಗೆ ಪುರುಸೊತ್ತಿಲ್ಲ ಎಂದು ಇಷ್ಟು ವರ್ಷ ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ನಂಜಯ್ಯನ ಬಗ್ಗೆ ಬರೆದದ್ದನ್ನು ನಾನು ಬದಲಿಸುವುದಿಲ್ಲ. ಅವನು ಸೋತ ಮೇಲೆ, ತನಗೆ ಓಟು ಹಾಕದವರು ಜನರೇ ಅಲ್ಲ ಎಂದು ತಿರುಗಿಬಿದ್ದದ್ದನ್ನು ನೀನೂ ನೋಡಿದ್ದೀಯ. ಆದರೆ ಅವನ ಮಾತು ಕೇಳಿದವರ ಬಗ್ಗೆ ಬರೆದದ್ದು ನಿಲ್ಲುವುದಿಲ್ಲ. ಐದು ವಾರ ನಿನ್ನ ಮನೆಯಲ್ಲಿ ಉಂಡೆ. ನೀನು ಮಾಡಿದ ಉಪ್ಸಾರು, ಮುದ್ದೆ. ಊರಿನವರನ್ನೆಲ್ಲ ಏನಂತೀರಿ ಎಂದು ಕೇಳು ಅಂತ ನಿನಗೆ ಕಲಿಸಿದೆ. ನೀನೇನಂತೀಯ ಪುಷ್ಪಾ ಎಂದು ಒಂದು ಸಲವೂ ಕೇಳಲಿಲ್ಲ. ಬೇಲು ಹೊರುವವನಿಗೆ ತೋಚಿದ್ದು ನನಗೆ ತೋಚಲಿಲ್ಲ.

ಕನ್ನಡ ಪುಸ್ತಕದ ಮುನ್ನುಡಿಯಲ್ಲಿ ಎಲ್ಲವನ್ನೂ ಬರೆಯಬೇಕೆಂದಿದ್ದೇನೆ. ಬರೆದರೆ ನನ್ನ ಹೆಸರಿಗೆ ಏನಾಗುತ್ತದೆಂದು ಗೊತ್ತು. ಇಷ್ಟು ವರ್ಷ ನನ್ನ ಮಾತು ಕೇಳಿದವರು ಆ ಫಾರಂಗಳನ್ನೆಲ್ಲ ಅನುಮಾನದಿಂದ ನೋಡುತ್ತಾರೆ. ಅದು ನನ್ನ ಪಾಲಿನದು. ಆದರೆ ನೀನು ಈಗ ಪಂಚಾಯಿತಿ ಸದಸ್ಯೆಯಂತೆ. ಸುಳ್ಳು ಫಾರಂ ತುಂಬಿದವಳು ಎಂದು ಯಾರಾದರೂ ನಿನ್ನನ್ನು ಎತ್ತಿ ಆಡಬಹುದು. ನಿನ್ನ ಹೆಸರು ಹಾಕಲೋ ಬೇಡವೋ ಹೇಳು. ಬೇಡವೆಂದರೆ ನಾಲ್ಕನೇ ಅಧ್ಯಾಯವನ್ನೇ ಬಿಟ್ಟು ಪುಸ್ತಕ ಬರುತ್ತದೆ. ಆ ಮಾತು ಪುಟ್ಟಸಿದ್ದಮ್ಮನ ಹೆಸರಿನಲ್ಲಂತೂ ಇನ್ನೊಂದು ಸಲ ಬರುವುದಿಲ್ಲ. ಜನವರಿ ಹತ್ತರೊಳಗೆ ಪ್ರಕಾಶಕರಿಗೆ ಕೊಡಬೇಕು. ನೀನು ಏನೂ ಬರೆಯದಿದ್ದರೆ ಬೇಡವೆಂದೇ ತಿಳಿಯುತ್ತೇನೆ.

ಶಿವಶಂಕರ್ ಅವರಿಗೆ ನಮಸ್ಕಾರ.

ನಿನ್ನ ಹಳೆಯ ಬೆಂಚಿನವಳು,
ಮಂಗಳಗೌರಿ

ಮರೆತದ್ದಲ್ಲ, ಬರೆಯಲು ಹಿಂಜರಿದದ್ದು: ಆ ವರ್ಷ ನನ್ನ ಹೆಸರು ಇನ್ನೂ ಪಿರಿಯಾಪಟ್ಟಣದ ಪಟ್ಟಿಯಲ್ಲೇ ಇತ್ತು. ಓಟಿನ ದಿನ ಅಪ್ಪನಿಗೆ ಜ್ವರ ಎಂದು ನಿನಗೆ ಹೇಳಿ ಮನೆಗೆ ಹೋದೆನಲ್ಲ. ಅಪ್ಪ ಷಣ್ಮುಖಪ್ಪನವರು ಗಟ್ಟಿಯಾಗಿಯೇ ಬಟ್ಟೆ ಅಂಗಡಿಯಲ್ಲಿ ಕೂತಿದ್ದರು. ನಂಜಯ್ಯನ ಮಾತಿನ ಪಟ್ಟುಗಳನ್ನೆಲ್ಲ ನಂಬರು ಹಾಕಿ ಬರೆದುಕೊಂಡಿದ್ದವಳು, ಮತಗಟ್ಟೆಯ ಒಳಗೆ ಹೋಗಿ ಅವನಿಗೇ ಓಟು ಹಾಕಿ ಬಂದೆ. ಯಾಕೆಂದು ನಾನು ಯಾವ ಅಧ್ಯಾಯದಲ್ಲೂ ಬರೆದಿಲ್ಲ.


ಹಾರನಹಳ್ಳಿ
೨೯-೧೨-೨೦೨೫

ಗೌರಿ,

ನಿನ್ನ ಕಾಗದ ಬಂತು. ಓದಿ ಮುಗಿಸಲು ಎರಡು ದಿನ ಹಿಡಿಯಿತು. ಕನ್ನಡಕ ಸರಿಯಿಲ್ಲ ಎಂದು ಮನೆಯವರಿಗೆ ಹೇಳಿದೆ. ಕನ್ನಡಕ ಸರಿಯಾಗಿಯೇ ಇದೆ.

ನೀನು ತಪ್ಪು ಒಪ್ಪಿಕೊಳ್ಳುವಾಗಲೂ ತಾರೀಖು, ಗಂಟೆ ಎಲ್ಲ ಹಾಕಿದ್ದೀಯ. ಬೈಕು ಹದಿನಾಲ್ಕಲ್ಲ, ಹದಿಮೂರು. ಒಂದು ನಮ್ಮದೇ, ರಿಪೇರಿಗೆಂದು ಅಲ್ಲಿ ನಿಲ್ಲಿಸಿದ್ದದ್ದು. ಇದನ್ನೂ ತಿದ್ದಿಕೊ.

ಮಲ್ಲೇಶ ಆ ಸಾಲು ಓದಿ ಹೇಳಿದ್ದು ನಿಜ. ಅವನು ಮೊದಲು ಹೇಳಲೇ ಇಲ್ಲ. ‘ಅತ್ಗೆ, ಇಲ್ಲಿ ಬರೀ ಅಂಕಿಸಂಖ್ಯೆ ಐತೆ ಬುಡಿ’ ಎಂದು ಪುಟ ತಿರುವಿದ. ಅಂಕಿಸಂಖ್ಯೆ ಓದುವಾಗ ನಿನ್ನ ಕಿವಿ ಯಾಕೆ ಕೆಂಪಾಯ್ತಪ್ಪ ಎಂದೆ. ಆಮೇಲೆ ಹೇಳಿದ. ನನಗೆ ಸಿಟ್ಟು ಬಂದದ್ದು ಮರುಳು ಎಂದದ್ದಕ್ಕಲ್ಲ. ನೀನು ನನ್ನ ಹತ್ತಿರವೇ ಐದು ವಾರ ಮಲಗಿ ಎದ್ದು, ಆ ಮಾತು ಯಾರದ್ದು ಎಂದು ಗುರುತು ಹಿಡಿಯಲಿಲ್ಲವಲ್ಲ ಎಂದು. ಫಾರಂ ತುಂಬುವಾಗ ನನಗೆ ಹೆದರಿಕೆಯೇ ಇರಲಿಲ್ಲ. ಗೌರಿ ಓದಿದ ತಕ್ಷಣ ನಗುತ್ತಾಳೆ, ಇದು ನಿಂದೇ ಅಲ್ಲೇನೆ ಎಂದು ಬಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅದಕ್ಕೇ ಕಾಫಿ ಮಾತು ಸೇರಿಸಿದ್ದು. ನೀನು ಕೊನೆಯ ದಿನ ಸಂಜೆ ಅರವತ್ತು ಫಾರಂ ಎಣಿಸಿ, ದಾರ ಕಟ್ಟಿ, ‘ಭಾಳ ಚೆನ್ನಾಗಿದೆ ಕಣೆ’ ಎಂದು ಚೀಲಕ್ಕೆ ಹಾಕಿಕೊಂಡೆ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ, ಯಾಕೆಂದರೆ ನಿನ್ನ ಫಾರಂನಲ್ಲಿ ಆ ಪ್ರಶ್ನೆಗೆ ನಾಲ್ಕು ಗೆರೆ ಮಾತ್ರ ಇದ್ದವು. ನನ್ನ ಮಾತಿನ ಮೊದಲರ್ಧಕ್ಕೇ ಅವು ತುಂಬಿದವು. ನಂಜಯ್ಯ ನನ್ನನ್ನು ಕೇಳಿದ. ಹದಿನೆಂಟು ವರ್ಷ ಎಂದದ್ದೂ ನಿಜ. ನಾನು ಕಾಫಿ ತಟ್ಟೆ ಕೆಳಗಿಟ್ಟು, ಇಲ್ಲಿಂದ ಪಿರಿಯಾಪಟ್ಟಣದ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಸಂಜೆ ಬಸ್ಸು ಇಲ್ಲ, ನನ್ನ ಮಗಳೂ ಬಿಡಬೇಕಾಗಿ ಬಂದಿದೆ ಎಂದು ಹೇಳಲು ಹೊರಟೆ. ಬಸ್ಸು ಎಂದೆ. ಅಷ್ಟರಲ್ಲಿ ಅವನು ‘ಆಯ್ತವ್ವ, ಆಯ್ತವ್ವ, ಎಲ್ಲಾ ಮಾಡವ’ ಎಂದು ಎದ್ದು ಪಕ್ಕದ ಮನೆ ಜಗಲಿಗೆ ಹೋದ. ಅಲ್ಲಿಯೂ ನೀನೇನಂತೀಯವ್ವ ಎಂದದ್ದು ಕೇಳಿಸಿತು. ನಮ್ಮ ಯಜಮಾನರು, ‘ಅವರು ಕೇಳುದ್ರು ಅಂತ ನೀನು ಯೋಳುಕ್ಕೇ ಕುಂತ್ಕತೀಯಲ್ಲ’ ಎಂದು ನಕ್ಕರು.

ನಾನು ತಪ್ಪು ತಿಳಿದಿರಲಿಲ್ಲ ಗೌರಿ. ಕೇಳಿದ್ದೂ ಗೊತ್ತಾಯಿತು, ಕೇಳಿಸಿಕೊಳ್ಳಲಿಲ್ಲ ಎನ್ನುವುದೂ ಗೊತ್ತಾಯಿತು. ಎರಡೂ ಒಂದೇ ನಿಮಿಷದಲ್ಲಿ. ಪಕ್ಕದ ಮನೆಯವಳಿಗೂ ಗೊತ್ತಾಯಿತು. ನಾವು ಮಾರನೇ ದಿನ ಸಸಿಮಡಿಯಲ್ಲಿ ಅವನ ಹಾಗೇ ಅಣಕಿಸಿ ನಕ್ಕಿದ್ದೇವೆ. ಅದಕ್ಕೆ ಫಾರಂನಲ್ಲಿ ಜಾಗ ಎಲ್ಲಿತ್ತು?

ಹೆಸರು ಹಾಕು. ಪುಷ್ಪಾ, ಹಾರನಹಳ್ಳಿ ಎಂದು ಹಾಕು. ಪಂಚಾಯಿತಿಯಲ್ಲಿ ಆಡಿಕೊಳ್ಳುವವರು ನನ್ನನ್ನು ಆಡಿಕೊಳ್ಳಲು ನಿನ್ನ ಪುಸ್ತಕದವರೆಗೆ ಹೋಗಬೇಕಾಗಿಲ್ಲ, ಅವರಿಗೆ ಬೇಕಾದಷ್ಟಿದೆ. ಆದರೆ ಅರ್ಧ ಹಾಕಬೇಡ. ನಾಲ್ಕು ಗೆರೆಯ ಕೆಳಗೆ ಉಳಿದದ್ದನ್ನೂ ಹಾಕು, ಬಸ್ಸಿನ ಮಾತೂ ಸೇರಲಿ. ನಿನ್ನ ಆ ವಾಕ್ಯವನ್ನು ತೆಗೆಯಲೂ ಬೇಡ. ಅದನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿ ನನ್ನದನ್ನು ಇಡು. ಓದುವವರು ನೋಡಿಕೊಳ್ಳಲಿ. ಪುಟ್ಟಸಿದ್ದಮ್ಮನಿಗೆ ಮಾತ್ರ ನೀನೇ ಬಂದು ಹೇಳಬೇಕು. ನಿನ್ನ ಹತ್ತಿರ ಕೇಳಿದಾಗಿನಿಂದ ಅದು ತನ್ನದೇ ಮಾತು ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ. ಬಿಟ್ಟುಕೊಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಜನವರಿ ಹತ್ತಕ್ಕೆ ಮುಂಚೆ ಬಾ. ಮೊಪೆಡ್ ಇಲ್ಲ, ಬಸ್ಸಿಗೆ ಬಾ. ಬರುವಾಗ ಬರೆದುಕೊಳ್ಳಲು ಏನೂ ತರಬೇಡ, ಇಲ್ಲಿ ಕೂತು ಕೇಳು.

ನಿನ್ನ,
ಪುಷ್ಪಾ

ಮತ್ತೆ, ನೀನು ಓಟು ಹಾಕಿದ ವಿಷಯ ಓದಿ, ಮನೆಯವರ ಮುಂದೆ ನಗಬಾರದೆಂದು ಹಿತ್ತಲಿಗೆ ಹೋಗಿ ನಕ್ಕೆ. ನಾನು ಅವನಿಗೆ ಹಾಕಲಿಲ್ಲ ಕಣೆ. ಪಕ್ಕದ ಮನೆಯವಳೂ ಹಾಕಲಿಲ್ಲ. ನಮ್ಮನ್ನೆಲ್ಲ ನೀನು ಅವನ ಕಡೆಯವರು ಎಂದು ಎಣಿಸಿದ್ದೀಯ ಎಂದು ಮಲ್ಲೇಶ ಹೇಳಿದ. ನಿನ್ನ ಫಾರಂಗಳು ಓಟಿಗೆ ಒಂದು ವಾರ ಮುಂಚೆಯೇ ಚೀಲ ಸೇರಿದ್ದವು, ಆಮೇಲೆ ನಮ್ಮನ್ನು ಯಾರೂ ಕೇಳಲಿಲ್ಲ.